ಉಜ್ಜಿದ ಮುಚ್ಚಳದ ಹೊಳಪು

ದೇವದುರ್ಗ ಕೃಷ್ಣೆಯ ಕಡೆಗಿದೆ, ಮಾನ್ವಿ ತುಂಗಭದ್ರೆಯ ಕಡೆಗೆ. ರಾಯಚೂರನ್ನೂ ಒಳಗೊಂಡ ಈ ಎರಡು ಹೊಳೆಗಳ ನಡುವಿನ ಸೀಮೆಗೆ ಎಡೆದೊರೆ ನಾಡು ಎಂಬ ಹಳೆಯ ಹೆಸರಿದೆ. ಇದರ ಚರಿತ್ರೆ ಎಂದೊಡನೆ ಕೋಟೆ, ಕಾಳಗ, 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನ ನೆನಪಾಗುತ್ತವೆ. ಅಶೋಕನಿಗಿಂತ ಬಹಳ ಹಿಂದೆಯೇ ಇಲ್ಲಿನವರಿಗೆ ಮಣ್ಣಿಗೆ ಹೊಳಪು ತರಿಸುವ ವಿದ್ಯೆ ಒಲಿದಿತ್ತು. 1952ರಲ್ಲಿ ಪುರಾತತ್ವಜ್ಞ ಆಲ್ಚಿನ್ ಇದೇ ಸೀಮೆಯ ಪಿಕ್ಲಿಹಾಳದಲ್ಲಿ, 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಮಸ್ಕಿಯಲ್ಲಿ ನಡೆಸಿದ ಉತ್ಖನನಗಳಲ್ಲಿ ನವಶಿಲಾಯುಗದ ಬೂದುಬಣ್ಣದ ಉಜ್ಜಿದ ಮಡಕೆಗಳು ಹೊರಬಂದವು. ಮಸ್ಕಿಯಲ್ಲಿ ಅವುಗಳ ಮೇಲಿನ ಪದರದಲ್ಲಿ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಪಾತ್ರೆಗಳಿದ್ದವು. ಅರೆ ಒಣಗಿದ ಮಡಕೆಯನ್ನು ನುಣ್ಣನೆಯ ಹರಳುಕಲ್ಲಿನಿಂದ ತಿಕ್ಕಿದರೆ ಮಣ್ಣಿನ ಸಣ್ಣ ಪದರಗಳು ಮಲಗಿ ಸಾಲುಗೂಡುತ್ತವೆ, ಬೆಳಕು ಚದುರದೆ ಒಂದೇ ಕಡೆ ಮರಳುತ್ತದೆ.

ಉಜ್ಜಿದ್ದು ನೀರು ಜಿನುಗದಿರಲಿ ಎಂದು, ಹೊಳಪು ಅದರ ಬೆನ್ನಿಗೆ ತಾನಾಗಿ ಬಂದದ್ದು ಎನ್ನುವವರಿದ್ದಾರೆ. ಉಜ್ಜಿದರೆ ಜಿನುಗು ಕಡಿಮೆಯಾಗುವುದು ನಿಜ. ಆದರೆ ಕಪ್ಪು-ಕೆಂಪು ಪಾತ್ರೆಗಳ ಜೊತೆಗಿನ ಮುಚ್ಚಳಗಳನ್ನೂ ಉಜ್ಜಿದ್ದಾರಲ್ಲ, ಮುಚ್ಚಳದಲ್ಲಿ ಯಾರೂ ನೀರು ತುಂಬುವುದಿಲ್ಲ. ಇದೇ ಸೀಮೆಯ ಕಲ್ಲಿನ ಕೊಡಲಿಗಳನ್ನು ಪಕ್ಕದಲ್ಲಿಟ್ಟು ನೋಡಬೇಕು: ಹಲವುಗಳಲ್ಲಿ ಬಾಯಿಯಷ್ಟೇ ನುಣುಪು, ಹಿಂಭಾಗ ಕುಟ್ಟಿದ ಒರಟಿನಲ್ಲೇ ಉಳಿದಿದೆ. ಉಪಯೋಗವೊಂದೇ ಮುಖ್ಯವಾದಲ್ಲಿ ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದೆ. ಮುಚ್ಚಳದ ಮೇಲೆ ಕೈಯನ್ನು ಮುಂದೆ ನಡೆಸಿದ್ದು ಕಣ್ಣು ಎಂದೇ ನನ್ನ ವಾದ.

ಕಣ್ಣು ಬೇಡುವುದಾದರೂ ಏನನ್ನು? 2007ರಲ್ಲಿ ದೃಷ್ಟಿ ಸಂಶೋಧಕ ಮೊಟೊಯೊಶಿ ಮತ್ತು ಸಂಗಡಿಗರು, ಮಬ್ಬಿನ ನಡುವೆ ಕೆಲವೇ ಬೆಳ್ಳನೆಯ ಚುಕ್ಕೆಗಳಿರುವ ಹಂಚಿಕೆ ಕಂಡರೆ ಕಣ್ಣು ಅದನ್ನು ಹೊಳಪೆಂದು ಓದುತ್ತದೆ ಎಂದರು. ಅಷ್ಟೇ ಸಾಲದು ಎಂದು 2009ರಲ್ಲಿ ಆಂಡರ್ಸನ್ ಮತ್ತು ಕಿಮ್ ತೋರಿಸಿದರು: ಅದೇ ಮಿಂಚನ್ನು ಉಬ್ಬಿನ ನೆರಳಿಗೆ ಹೊಂದದ ಕಡೆಗೆ ಸರಿಸಿದರೆ ಹೊಳಪು ಅಳಿದು, ಸುಣ್ಣದ ಕಲೆಯಂತೆ ಕಾಣುತ್ತದೆ. ಹಾಗಾದರೆ ಹೊಳಪು ಮಣ್ಣೊಂದರಲ್ಲೇ ಇಲ್ಲ. ಆಕಾರ, ಬೆಳಕು, ನೋಟ ಮೂರೂ ಕೂಡಿದಲ್ಲಿದೆ. ಹಿನ್ನೆಲೆ ಕಪ್ಪಾದಷ್ಟೂ ಅಷ್ಟೇ ನುಣುಪಿನ ಮೈ ಹೆಚ್ಚು ಹೊಳೆಯುವಂತೆ ತೋರುತ್ತದೆ, ಏಕೆಂದರೆ ಮಿಂಚಿನ ಸುತ್ತ ಚದುರಿದ ಬೆಳಕು ಕಡಿಮೆ. ಕಪ್ಪು-ಕೆಂಪು ಪಾತ್ರೆಯ ಒಳಮೈಯೂ ಅಂಚೂ ಕಪ್ಪು.

ಆ ಜನಕ್ಕೆ ಈ ಲೆಕ್ಕವೆಲ್ಲ ಎಲ್ಲಿ ತಿಳಿದಿತ್ತು ಎಂದು ಕೇಳಬಹುದು. ತಿಳಿದಿರಬೇಕಾಗಿಯೂ ಇರಲಿಲ್ಲ. ಬಟ್ಟಲನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಮಿಂಚು ಮೈಮೇಲೆ ಜಾರುತ್ತದೆ, ಕಲೆಯಾದರೆ ಬಟ್ಟಲಿನ ಜೊತೆಗೇ ಸುತ್ತುತ್ತದೆ. ಮಿಂಚು ಎಲ್ಲಿ ತುಂಡಾಯಿತೋ ಅಲ್ಲಿಗೆ ಹರಳುಕಲ್ಲು ಇನ್ನೊಮ್ಮೆ ಹೋಗಬೇಕು.