ಕತ್ತಿ ಹಿಡಿದ ಪ್ರಾಧ್ಯಾಪಕ: ಫ್ರೆಡರಿಕ್ ಪೊಲಾಕ್‌ನ ಆಟವೂ ಕಾನೂನೂ

ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವರಿಗೆಲ್ಲ ‘ಪೊಲಾಕ್ ಅಂಡ್ ಮುಲ್ಲಾ’ ಎಂದರೆ ಒಂದು ದಪ್ಪ ಪುಸ್ತಕ. 1872ರ ಭಾರತ ಕರಾರು ಅಧಿನಿಯಮಕ್ಕೆ ಬರೆದ ಈ ವ್ಯಾಖ್ಯಾನ ಮೊದಲು ಅಚ್ಚಾದದ್ದು 1905ರಲ್ಲಿ. ಮುಲ್ಲಾ ಎಂದರೆ ಮುಂಬಯಿಯ ದಿನ್‌ಷಾ ಫರ್ದೂನ್‌ಜಿ ಮುಲ್ಲಾ. ಪೊಲಾಕ್ ಆಕ್ಸ್‌ಫರ್ಡಿನ ನ್ಯಾಯಶಾಸ್ತ್ರ ಪ್ರಾಧ್ಯಾಪಕ, ಜೊತೆಗೆ ಹವ್ಯಾಸಿ ಕತ್ತಿವರಸೆಗಾರ. ಆತನ ಬಗ್ಗೆ ಬರೆದವರು ಈ ಎರಡನೆಯ ಸಂಗತಿಯನ್ನು ಸಾಮಾನ್ಯವಾಗಿ ಕೊನೆಯ ಸಾಲಿಗೆ ತಳ್ಳುತ್ತಾರೆ, ಬಿಡುವಿನ ಹೊತ್ತಿನ ಶೋಕಿ ಎಂಬಂತೆ. ಆದರೆ ಆತನ ಕಾನೂನು ಚಿಂತನೆಯ ಒಂದು ಮುಖ್ಯ ಜಾಗದಲ್ಲಾದರೂ ಕತ್ತಿವರಸೆ ಒಳಹೊಕ್ಕು ಕೆಲಸ ಮಾಡಿದೆ ಎಂಬುದು ಈ ಲೇಖನದ ವಾದ.

ಪೊಲಾಕ್ ಹುಟ್ಟಿದ್ದು 1845ರ ಡಿಸೆಂಬರ್ 10ರಂದು, ಲಂಡನ್ನಿನಲ್ಲಿ. ತಾತ ಎಕ್ಸ್‌ಚೆಕರ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ; ಕಾನೂನು ಆ ಮನೆಯ ಕುಲಕಸುಬು. ಈಟನ್, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, 1871ರಲ್ಲಿ ವಕೀಲಿ ಸನ್ನದು. 1883ರಲ್ಲಿ ಹೆನ್ರಿ ಮೇಯ್ನ್ ತೆರವು ಮಾಡಿದ ಆಕ್ಸ್‌ಫರ್ಡ್ ಪೀಠಕ್ಕೆ ಬಂದು 1903ರವರೆಗೆ ಅಲ್ಲೇ ಇದ್ದ. 1885ರಲ್ಲಿ ‘ಲಾ ಕ್ವಾರ್ಟರ್ಲಿ ರಿವ್ಯೂ’ ಆರಂಭಿಸಿದ. ಇಂಗ್ಲೆಂಡಿನ 1890ರ ಪಾಲುದಾರಿಕೆ ಕಾಯಿದೆಯ ಕರಡು ಆತನದೇ. ನಮ್ಮ 1932ರ ಪಾಲುದಾರಿಕೆ ಅಧಿನಿಯಮ ಬಹುಮಟ್ಟಿಗೆ ಅದರ ಅಚ್ಚಿನಲ್ಲೇ ಮೂಡಿದ್ದರಿಂದ, ಇಲ್ಲಿ ಪಾಲುದಾರರು ಜಗಳವಾಡಿ ಕೋರ್ಟಿಗೆ ಹೋದಾಗಲೂ ಪೊಲಾಕ್‌ನ ನೆರಳು ಇದ್ದೇ ಇರುತ್ತದೆ.

ಇನ್ನು ಆಟದ ಕಡೆಗೆ. 19ನೇ ಶತಮಾನದ ಕೊನೆಯ ದಶಕಗಳ ಇಂಗ್ಲೆಂಡಿನಲ್ಲಿ ದ್ವಂದ್ವಯುದ್ಧ ಆಗಲೇ ಅಳಿದಿತ್ತು. ಕತ್ತಿ ಪ್ರಾಣ ತೆಗೆಯುವ ಕೆಲಸದಿಂದ ಬಿಡುಗಡೆ ಹೊಂದಿ ವ್ಯಾಯಾಮವಾಗಿತ್ತು, ಸಂಶೋಧನೆಯ ವಸ್ತುವೂ ಆಗಿತ್ತು. ಆಲ್ಫ್ರೆಡ್ ಹಟನ್, ಎಗರ್ಟನ್ ಕ್ಯಾಸಲ್ ಮೊದಲಾದವರು ಹಳೆಯ ಕೈಪಿಡಿಗಳನ್ನು ಹುಡುಕಿ, ಮರೆತುಹೋದ ವರಸೆಗಳನ್ನು ಮತ್ತೆ ಕೈಗೆ ತಂದುಕೊಳ್ಳುತ್ತಿದ್ದರು. ಈ ಗುಂಪಿನಲ್ಲಿ ಪೊಲಾಕ್ ಇದ್ದ, ಅವನ ತಮ್ಮ ವಾಲ್ಟರ್ ಹೆರೀಸ್ ಪೊಲಾಕ್ ಕೂಡ ಇದ್ದ. 1889ರಲ್ಲಿ ಬ್ಯಾಡ್ಮಿಂಟನ್ ಗ್ರಂಥಮಾಲೆಯಲ್ಲಿ ಬಂದ ಕತ್ತಿವರಸೆ, ಮುಷ್ಟಿಯುದ್ಧ, ಕುಸ್ತಿಗಳ ಸಂಪುಟದ ಕರ್ತೃಗಳಲ್ಲಿ ತಮ್ಮನೂ ಒಬ್ಬ. ಅಣ್ಣ ತನ್ನ 1890ರ ‘ಆಕ್ಸ್‌ಫರ್ಡ್ ಲೆಕ್ಚರ್ಸ್’ ಸಂಪುಟದಲ್ಲಿ ಕಾನೂನಿನ ಉಪನ್ಯಾಸಗಳ ಜೊತೆಗೇ ಕತ್ತಿಯ ರೂಪ ಮತ್ತು ಇತಿಹಾಸದ ಮೇಲಿನ ಪ್ರಬಂಧವೊಂದನ್ನೂ ಸೇರಿಸಿದ. 1892ರಲ್ಲಿ ಅದೇ ಗ್ರಂಥಮಾಲೆಯ ಪರ್ವತಾರೋಹಣ ಸಂಪುಟಕ್ಕೆ ಆ ಸಾಹಸದ ಆರಂಭಕಾಲದ ಚರಿತ್ರೆ ಬರೆದುಕೊಟ್ಟ. ಆಡಿದ್ದಕ್ಕೆಲ್ಲ ಇತಿಹಾಸ ಹುಡುಕುವುದು ಈತನ ಸ್ವಭಾವವೇ ಇರಬೇಕು.

ಭಾನುವಾರದ ನಡಿಗೆಯದು ಇನ್ನೊಂದು ಕತೆ. 1879ರಲ್ಲಿ ಲೆಸ್ಲಿ ಸ್ಟೀಫನ್ ಕಟ್ಟಿದ ‘ಸಂಡೇ ಟ್ರ್ಯಾಂಪ್ಸ್’ ಎಂಬ ನಡಿಗೆಗಾರರ ಬಳಗದಲ್ಲಿ ಪೊಲಾಕ್ ಮೊದಲಿನಿಂದಲೂ ಇದ್ದ. ಮುಂದೆ ‘ಇಂಗ್ಲಿಷ್ ಕಾನೂನಿನ ಇತಿಹಾಸ’ದ ಮುಖಪುಟದಲ್ಲಿ ಆತನ ಜೊತೆ ಹೆಸರು ಹಂಚಿಕೊಂಡ ಮೇಟ್‌ಲಂಡ್ ಕೂಡ ಅದೇ ಬಳಗದವನು. (1895ರ ಆ ಮಹಾಗ್ರಂಥದ ಬಹುಪಾಲು ಮೇಟ್‌ಲಂಡ್‌ನದು ಎಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ.) ಬೇಲಿ ಕಂಡರೆ ಈ ಬಳಗ ನಿಲ್ಲುತ್ತಿರಲಿಲ್ಲ. ಜಮೀನಿನ ಕಾವಲುಗಾರ ಅಡ್ಡಗಟ್ಟಿದರೆ ಒಪ್ಪಿಸಲು ಕಾನೂನುಬದ್ಧ ಹೇಳಿಕೆಯೊಂದು ಸಿದ್ಧವಿತ್ತಂತೆ: ದಾರಿಯ ಹಕ್ಕನ್ನು ನಾವು ಕೇಳುತ್ತಿಲ್ಲ, ಆದ ನಷ್ಟಕ್ಕೆ ಇಗೋ ಒಂದು ಶಿಲಿಂಗ್. ಪರರ ಹೊಲಕ್ಕೆ ಅನುಮತಿಯಿಲ್ಲದೆ ಕಾಲಿಡುವುದು ಎಂಥ ತಪ್ಪು ಎಂದು ವಾರವಿಡೀ ಪಾಠ ಹೇಳುವವನು ಭಾನುವಾರ ಇಂಥ ತಂಡದಲ್ಲಿ ನಡೆಯುತ್ತಿದ್ದ!

ಆದರೆ ನಮ್ಮ ವಾದ ನಿಂತಿರುವುದು 1887ರಲ್ಲಿ ಬಂದ ಆತನ ಟಾರ್ಟ್ (ಸಿವಿಲ್ ಅಪಕೃತ್ಯ) ಗ್ರಂಥದ ಮೇಲೆ. ತಾನಾಗಿ ಒಪ್ಪಿದವನು ಹಾನಿಯಾಯಿತೆಂದು ದೂರುವಂತಿಲ್ಲ ಎಂಬ ರೋಮನ್ ಸೂತ್ರವನ್ನು ಚರ್ಚಿಸುತ್ತ ಪೊಲಾಕ್ ಕತ್ತಿವರಸೆ, ಕೋಲುವರಸೆ ಆಡುವ ಇಬ್ಬರನ್ನು ಎದುರಿಗೆ ನಿಲ್ಲಿಸುತ್ತಾನೆ. ವಕೀಲರು ಇಲ್ಲಿ ಈ ಸೂತ್ರವನ್ನು ಸಲೀಸಾಗಿ ಅನ್ವಯಿಸಿಬಿಡುತ್ತಾರೆ, ಆದರೆ ಅದು ಅಷ್ಟು ಸರಳವಲ್ಲ ಎನ್ನುತ್ತಾನೆ. ಏಟು ತಿನ್ನಬೇಕೆಂದು ಯಾವ ಆಟಗಾರನೂ ಕಣಕ್ಕಿಳಿಯುವುದಿಲ್ಲ. ಆದಷ್ಟು ತಪ್ಪಿಸಿಕೊಳ್ಳುವುದೇ ಅವನ ಉದ್ದೇಶ. ಅವನು ಒಪ್ಪಿರುವುದು ಏಟಿಗಲ್ಲ, ಎದುರಾಳಿ ನೇರವಾಗಿ ಆಡುವಷ್ಟು ಕಾಲ ಹೊಡೆಯಲು ಯತ್ನಿಸಬಹುದು ಎಂಬುದಕ್ಕೆ. ಕ್ರಿಕೆಟ್ ಚೆಂಡು ಪ್ರೇಕ್ಷಕನಿಗೆ ತಗುಲಿದಾಗಲಂತೂ ಒಪ್ಪಿಗೆ ಇನ್ನೂ ತೆಳುವು, ಏಕೆಂದರೆ ಅದು ಆಟದ ಗುರಿಯಲ್ಲ, ಆಕಸ್ಮಿಕ. ಈ ಸೂಕ್ಷ್ಮವು, ಮುಖವಾಡ ತೊಟ್ಟು ಎದುರಾಳಿಯ ಮೊನೆಯನ್ನು ತಡೆದು ಬಲ್ಲವನಿಗೆ ಬೇಗ ಹೊಳೆಯುವಂಥದ್ದು.

ಇಲ್ಲೊಂದು ಆಕ್ಷೇಪ ಬರಬಹುದು. 1860ರ ಭಾರತ ದಂಡ ಸಂಹಿತೆಯ 87ನೇ ಕಲಮಿನ ದೃಷ್ಟಾಂತದಲ್ಲೇ ವಿನೋದಕ್ಕಾಗಿ ಕತ್ತಿವರಸೆ ಆಡುವ ಇಬ್ಬರು ಬರುತ್ತಾರೆ. ಮೋಸವಿಲ್ಲದ ಆಟದಲ್ಲಿ ಆದ ಗಾಯ ಅಪರಾಧವಲ್ಲ ಎನ್ನುತ್ತದೆ ಅದು. ಹಾಗಾಗಿ ಉದಾಹರಣೆ ಪೊಲಾಕ್‌ನ ಸ್ವಂತದ್ದಲ್ಲ, ನಿಜ. ಆದರೆ ಸಂಹಿತೆ ಆಟಗಾರರು ಹಾನಿಗೆ ಒಪ್ಪಿದ್ದಾರೆ ಎಂದು ಭಾವಿಸಿ ಮುಂದೆ ಹೋಗುತ್ತದೆ. ಆ ಒಪ್ಪಿಗೆಯೊಳಗೆ ಏನಿದೆ ಎಂದು ಬಿಡಿಸಿ ನೋಡಿದ್ದು ಪೊಲಾಕ್. 2023ರ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮಿಗೂ ಅದೇ ಹಳೆಯ ದೃಷ್ಟಾಂತ ದಾಟಿಬಂದಿದೆ.

ಭಾರತದೊಂದಿಗೆ ಆತನ ನಂಟು ಪುಸ್ತಕಕ್ಕಷ್ಟೇ ಸೀಮಿತವಲ್ಲ. 1894ರಲ್ಲಿ ವಂಚನೆ, ತಪ್ಪುನಿರೂಪಣೆ, ತಪ್ಪುಗ್ರಹಿಕೆಗಳ ಕುರಿತ ಕಲ್ಕತ್ತೆಯ ಟಾಗೋರ್ ಕಾನೂನು ಉಪನ್ಯಾಸಗಳು ಆತನವು. ಅದಕ್ಕೂ ಮೊದಲು, 1886ರಲ್ಲಿ, ಭಾರತ ಸರ್ಕಾರಕ್ಕಾಗಿ ಸಿವಿಲ್ ಅಪಕೃತ್ಯಗಳ ಮಸೂದೆಯೊಂದನ್ನು ಬರೆದುಕೊಟ್ಟಿದ್ದ. ಅದನ್ನು ಶಾಸನಸಭೆಯಲ್ಲಿ ಯಾರೂ ಕೈಗೆತ್ತಿಕೊಳ್ಳಲಿಲ್ಲ. ಆತನ ಟಾರ್ಟ್ ಗ್ರಂಥದ ಅನುಬಂಧವಾಗಿ ಉಳಿಯಿತು. 1937ರ ಜನವರಿ 18ರಂದು ಪೊಲಾಕ್ ತೀರಿಕೊಂಡ. ಭಾರತದಲ್ಲಿ ಅಪಕೃತ್ಯಗಳಿಗೆ ಈಗಲೂ ಒಟ್ಟಾರೆ ಸಂಹಿತೆಯಿಲ್ಲ. ಮೈದಾನದಲ್ಲಿ ಗಾಯಗೊಂಡವನು ಪರಿಹಾರ ಕೇಳಿ ಸಿವಿಲ್ ದಾವೆ ಹೂಡಿದರೆ ನ್ಯಾಯಾಧೀಶರು ಹಳೆಯ ತೀರ್ಪುಗಳನ್ನೂ ಪಠ್ಯಗ್ರಂಥಗಳನ್ನೂ ಆಧರಿಸಿಯೇ ತೀರ್ಮಾನಿಸಬೇಕು.