ಅಡಿಕೆಯ ಕೊಳೆರೋಗ

ಅಡಿಕೆಯ ಕೊಳೆರೋಗವು ಮುಂಗಾರಿನ ದಿನಗಳಲ್ಲಿ ಅಡಿಕೆಯ ಎಳೆಗಾಯಿಗಳನ್ನು ಕೊಳೆಯಿಸಿ ಉದುರಿಸುವ ಸಸ್ಯರೋಗ. ಮಲೆನಾಡು, ಕರಾವಳಿ ಮತ್ತು ಕಾಸರಗೋಡು ಸೀಮೆಯ ತೋಟಗಳಲ್ಲಿ ಇದರ ಬಾಧೆ ಹೆಚ್ಚು. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ವಿರಳ. ಇದಕ್ಕೆ ಮಹಾಳಿ ಎಂಬ ಹೆಸರೂ ಉಂಟು. 'ಕೊಳೆರೋಗ' ಎಂಬ ಕನ್ನಡ ಪದವು ಇಂಗ್ಲಿಷ್ ವಿಜ್ಞಾನ ಸಾಹಿತ್ಯದಲ್ಲಿ ಹಾಗೆಯೇ ಬಳಕೆಯಲ್ಲಿದೆ. ಕಾಫಿ ಗಿಡದ ಕೊಳೆರೋಗ ಬೇರೆಯೇ ಒಂದು ಶಿಲೀಂಧ್ರದಿಂದ ಬರುವುದರಿಂದ ಇವೆರಡನ್ನೂ ಒಂದೆಂದು ಭಾವಿಸಬಾರದು.

ರೋಗಕಾರಕ

ಈ ರೋಗಕ್ಕೆ ಕಾರಣ ಫೈಟಾಫ್ತೊರ ಕುಲದ ಜೀವಿ. ರೂಢಿಯಲ್ಲಿ ಶಿಲೀಂಧ್ರವೆಂದೇ ಕರೆದರೂ, ಈಗಿನ ವರ್ಗೀಕರಣದಂತೆ ಇದು ನಿಜವಾದ ಶಿಲೀಂಧ್ರವಲ್ಲ, ನೀರಿನ ಪಾಚಿಗಳಿಗೆ ಹತ್ತಿರದ ಸಂಬಂಧಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಹಾಳುಗೆಡವಿದ ಜೀವಿಯೂ, ನ್ಯೂಜಿಲೆಂಡಿನ ಪೈನ್ ಮರಗಳ ಸೂಜಿಯೆಲೆಗಳನ್ನು ಕೆಂಪಾಗಿಸಿ ಉದುರಿಸುವ ಜೀವಿಯೂ ಇದೇ ಕುಲದವು.

ಲಕ್ಷಣಗಳು

ಮೊದಲು ಕಾಯಿಯ ತೊಟ್ಟಿನ ಬಳಿ ನೀರು ನೆನೆದಂತಹ ಕಡುಹಸಿರು ಮಚ್ಚೆ ಮೂಡುತ್ತದೆ. ಅದು ಹರಡಿದಂತೆ ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು ಕವಿಯುತ್ತದೆ. ಸೋಂಕು ಸುಳಿಗೆ ತಗಲಿದರೆ ಮರವೇ ಸಾಯುವುದುಂಟು.

ಹವಾಮಾನದ ಪಾತ್ರ

ಈ ರೋಗದ ಏರಿಳಿತವೆಲ್ಲ ಮಳೆಯದೇ. 20ರಿಂದ 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 90ಕ್ಕೂ ಮಿಕ್ಕ ತೇವಾಂಶ, ಬಿಡದೆ ಸುರಿಯುವ ಮಳೆ, ನಡುವೆ ಆಗಾಗ ಇಣುಕುವ ಬಿಸಿಲು: ಇಷ್ಟು ಕೂಡಿದರೆ ಸೋಂಕು ವೇಗವಾಗಿ ಹಬ್ಬುತ್ತದೆ. ಕಾಯಿಯ ಮೇಲಿನ ನೀರಿನ ಪದರದಲ್ಲಿ ಇದರ ಬೀಜಕಗಳು ಈಜಬಲ್ಲವು. ಗಾಳಿಮಳೆಯ ಸಿಡಿಹನಿಗಳು ಅವನ್ನು ಗೊನೆಯಿಂದ ಗೊನೆಗೆ ಒಯ್ಯುತ್ತವೆ. ಒಣ ಹವೆ ಬಂದರೆ ಹರಡುವಿಕೆ ನಿಲ್ಲುತ್ತದೆ, ಆದರೆ ಮರದಲ್ಲೇ ಉಳಿದ ಒಣಗೊನೆ ಮತ್ತು ನೆಲದ ಕೊಳೆತ ಕಾಯಿಗಳಲ್ಲಿ ಜೀವಿ ಮುಂದಿನ ಮಳೆಗಾಲದವರೆಗೆ ಉಳಿಯಬಲ್ಲದು. ಅತಿವೃಷ್ಟಿಯಾದ 2018ರಲ್ಲಿ ಮಲೆನಾಡು ಮತ್ತು ಕರಾವಳಿಯ ಬೆಳೆಗಾರರು ಇದರಿಂದ ಭಾರಿ ನಷ್ಟ ಅನುಭವಿಸಿದರು.

ನಿಯಂತ್ರಣ

ಹಿಂದಿನವರು ಅಡಿಕೆ ಹಾಳೆಯಿಂದಲೋ ಹುಲ್ಲಿನಿಂದಲೋ ಮಾಡಿದ ಕೊಟ್ಟೆಯನ್ನು ಗೊನೆಗೆ ಕಟ್ಟಿ ಮಳೆನೀರನ್ನು ತಡೆಯುತ್ತಿದ್ದರು. ರೋಗಕಾರಕವನ್ನು ಕಾಣದೆಯೂ ಅದರ ಮರ್ಮವನ್ನರಿತ ಉಪಾಯವಿದು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ವಿವರವಾಗಿ ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆ ತೋಟಗಳಿಗೆ ಬಂದದ್ದು ಅವರ ಪ್ರಯತ್ನದಿಂದ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಹುಟ್ಟಿದ ಈ ಔಷಧಿ ಇಂದಿಗೂ ಮುಖ್ಯ ಆಸರೆ.

ಶೇಕಡ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಬೇಕು. ಎರಡನ್ನೂ ಬೇರೆ ಬೇರೆ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಕತ್ತಿಯನ್ನು ಅದ್ದಿದಾಗ ಕೆಂಪು ತಾಮ್ರ ಅಂಟಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಮುಂಗಾರಿಗೆ ಮುನ್ನ ಒಮ್ಮೆ, 40ರಿಂದ 45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸುವುದು ವಾಡಿಕೆ. ದ್ರಾವಣ ರೋಗವನ್ನು ತಡೆಯುತ್ತದೆಯೇ ಹೊರತು ಕೊಳೆತ ಕಾಯಿಯನ್ನು ಉಳಿಸದು, ಆದ್ದರಿಂದ ಮೊದಲ ಸಿಂಪಡಣೆ ತಡವಾಗಬಾರದು.

ಎರಡನೆಯ ಸರದಿಯೇ ಕಷ್ಟದ್ದು. ಗೊನೆ ಒಣಗದೆ ಔಷಧಿ ನಿಲ್ಲುವುದಿಲ್ಲ; ಮಳೆ ಬಿಡುವು ಕೊಟ್ಟ ಒಂದೆರಡು ದಿನಗಳಲ್ಲಿ ಎಲ್ಲ ತೋಟದವರಿಗೂ ಮರ ಹತ್ತುವವರು ಒಟ್ಟಿಗೇ ಬೇಕಾಗುತ್ತಾರೆ. ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದು ಅಂಗವಿಕಲರಾದವರೂ, ಮಡಿದವರೂ ಇದ್ದಾರೆ. ಈಚೆಗೆ ನೆಲದಲ್ಲೇ ನಿಂತು ಸಿಂಪಡಿಸಬಹುದಾದ ಹಗುರವಾದ ಉದ್ದನೆಯ ದೋಟಿಗಳು ಬಳಕೆಗೆ ಬಂದಿವೆ.