ಗಡ್ಡೆಯಲ್ಲಿ ಮೂಕಪ್ರಾಣಿಯ ಪಾಲು

ಕಳೆದ ವರ್ಷ ಭಾದ್ರಪದದಲ್ಲಿ ಹಾಸನದ ಕಡೆಯ ನನ್ನ ಭಾವಮೈದುನನ ಮನೆಗೆ ಹೋಗಿದ್ದೆ. ಆಲೂಗಡ್ಡೆ ಕಿತ್ತ ಕಾಲ. ಅವನು ಅಂಗಳದಲ್ಲಿ ರಾಶಿ ಹಾಕಿಕೊಂಡು ಆರಿಸುತ್ತಿದ್ದ. ದಪ್ಪನೆಯವು ಮಂಡಿಗೆ, ನಡುತರದವು ಮನೆಗೆ, ಚಿಕ್ಕವೂ ಕೀಳುವಾಗ ಗಾಯವಾದವೂ ಹೆಚ್ಚಿ ಹಸುವಿಗೆ. ಬಿಸಿಲಿಗೆ ಹಸಿರಾದವನ್ನು ಮಾತ್ರ ದೂರ ಎಸೆದ. ಅವುಗಳಲ್ಲಿ ವಿಷವಿರುತ್ತದೆ, ದನಕ್ಕೂ ಆಗದು. ಹಸುವಿನ ಬುಟ್ಟಿಯನ್ನು ನೋಡಿ ನಾನು, “ಇಷ್ಟೊಂದು ದನಕ್ಕೇ ಹೋದರೆ ನಷ್ಟವಲ್ಲವೇ?” ಎಂದೆ. ಅವನು ನಕ್ಕು, “ದನದ ಮುಂದೆ ಗಡ್ಡೆ ಐತೆ ಅಂದ್ರೆ ಮನೇಲಿ ಇನ್ನೂ ಐತೆ ಅಂತ ಲೆಕ್ಕ, ಭಾವ” ಎಂದ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು, ಬೇಸಾಯ ಬಲ್ಲವನಲ್ಲ. ಆದರೆ ಚರಿತ್ರೆಯನ್ನು ಓದುವ ಚಪಲವುಂಟು. ಅವನ ಮಾತು ಯುರೋಪಿನ ಎರಡು ಪ್ರಕರಣಗಳನ್ನು ನೆನಪಿಗೆ ತಂದಿತು.

ಮೊದಲನೆಯದು ಐರ್ಲೆಂಡಿನದು. 1841ರ ಜನಗಣತಿಯ ಪ್ರಕಾರ ಅಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿದ್ದರು. ಹಂದಿಗಳು ಸುಮಾರು 14 ಲಕ್ಷ. ಬಡ ಒಕ್ಕಲು ತುಂಡು ಭೂಮಿಯಲ್ಲಿ ಆಲೂಗಡ್ಡೆ ಬೆಳೆದು, ತಾನೂ ಅದನ್ನೇ ತಿಂದು, ಉಳಿದದ್ದನ್ನೂ ಸಿಪ್ಪೆಯನ್ನೂ ಹಂದಿಗೆ ಹಾಕುತ್ತಿದ್ದ. ದೇಶದ ಬೆಳೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಪ್ರಾಣಿಗಳ ಹೊಟ್ಟೆಗೆ ಹೋಗುತ್ತಿತ್ತು. ಕೊಬ್ಬಿದ ಹಂದಿಯನ್ನು ಮಾರಿ ಜಮೀನುದಾರನಿಗೆ ಗೇಣಿ ಸಲ್ಲಿಸುವುದು ವಾಡಿಕೆ. ಗೇಣಿ ಕಟ್ಟುವ ಯಜಮಾನ ಎಂದೇ ಜನ ಹಂದಿಯನ್ನು ಪರಿಹಾಸ್ಯವಾಗಿ ಕರೆಯುತ್ತಿದ್ದರು.

1845ರಲ್ಲಿ ಅಂಗಮಾರಿ ಬಂತು. ನಮ್ಮ ಹಾಸನದ ರೈತರಿಗೂ ಪರಿಚಿತವಾದ ರೋಗವೇ ಅದು. ಆ ವರ್ಷ ಬೆಳೆಯ ಒಂದು ಭಾಗ ಕೊಳೆಯಿತು. ಮರುವರ್ಷ ಬಹುಮಟ್ಟಿಗೆ ಎಲ್ಲವೂ ಹೋಯಿತು. ಹಂದಿಯ ಪಾಲು ಮನುಷ್ಯನ ಬಟ್ಟಲಿಗೆ ಬಂತು, ಹಂದಿ ಸಂತೆಗೆ ಹೋಯಿತು. 1848ರ ಹೊತ್ತಿಗೆ ಹಂದಿಗಳ ಸಂಖ್ಯೆ 6 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹಂದಿ ಹೋದಮೇಲೆ ಗೇಣಿಗೆ ದಾರಿಯಿಲ್ಲ. ಗೇಣಿ ನಿಂತವರನ್ನು ಗುಡಿಸಿಲಿನಿಂದ ಹೊರಗೆ ಹಾಕಿದರು. ಹಸಿವಿನಿಂದಲೂ ಜ್ವರದಿಂದಲೂ ಸತ್ತವರು ಸುಮಾರು 10 ಲಕ್ಷ. ಅಷ್ಟೇ ಜನ ಕಡಲು ದಾಟಿ ಹೋದರು.

ಎರಡನೆಯದು ಜರ್ಮನಿಯದು. ಅಲ್ಲಿಯ ಈಶಾನ್ಯದ ಮರಳುಭೂಮಿಯಲ್ಲಿ ಗೋಧಿ ಚೆನ್ನಾಗಿ ಬಾರದು, ಆಲೂಗಡ್ಡೆ ಬರುತ್ತದೆ. ಆದರೆ ಗಡ್ಡೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಒಂದು ಮಣ ಬಾರ್ಲಿಯ ಸತ್ತ್ವಕ್ಕೆ ನಾಲ್ಕು ಮಣಕ್ಕಿಂತ ಹೆಚ್ಚು ಗಡ್ಡೆ ಬೇಕು. ಇಷ್ಟು ಭಾರವನ್ನು ದೂರ ಸಾಗಿಸುವುದಕ್ಕಿಂತ, ಬೇಯಿಸಿ ಹಂದಿಗೆ ಹಾಕಿ ಮಾಂಸವಾಗಿ ಕಳುಹಿಸುವುದು ಲೇಸೆಂದು ರೈತರು ಕಂಡುಕೊಂಡಿದ್ದರು. 1914ರಲ್ಲಿ ಆ ದೇಶದಲ್ಲಿ ಸುಮಾರು ಎರಡೂವರೆ ಕೋಟಿ ಹಂದಿಗಳಿದ್ದವು.

ಆ ವರ್ಷ ಯುದ್ಧ ಹತ್ತಿತು. ಬ್ರಿಟನ್ ಕಡಲದಾರಿಯನ್ನು ಮುಚ್ಚಿತು. ಹೊರಗಿನಿಂದ ಬರುತ್ತಿದ್ದ ಮೇವಿನ ಬಾರ್ಲಿ ನಿಂತಿತು. ಆಗ ವಿದ್ವಾಂಸರು ಲೆಕ್ಕ ಹಾಕಲು ಕುಳಿತರು. ಮನುಷ್ಯ ತಿನ್ನಬಹುದಾದದ್ದನ್ನು ಹಂದಿ ತಿನ್ನುತ್ತಿದೆ. ಆದ್ದರಿಂದ ಹಂದಿ ಕಡಮೆಯಾದರೆ ಜನಕ್ಕೆ ಗಡ್ಡೆ ಉಳಿಯುತ್ತದೆ ಎಂದು ಸಿದ್ಧಾಂತ ಮಾಡಿದರು. 1915ರ ಮೊದಲ ತಿಂಗಳುಗಳಲ್ಲಿ ಸುಮಾರು 50 ಲಕ್ಷ ಹಂದಿಗಳನ್ನು ಕಡಿದರು. ಜರ್ಮನರ ಬಾಯಲ್ಲಿ ಇದಕ್ಕೆ ‘ಹಂದಿಗಳ ಕೊಲೆ’ ಎಂಬ ಹೆಸರು ನಿಂತಿತು; ‘ಪ್ರಾಧ್ಯಾಪಕರ ಕೊಲೆ’ ಎಂದು ಕೊಂಕು ನುಡಿದವರೂ ಉಂಟು.

ಲೆಕ್ಕದಲ್ಲಿ ತಪ್ಪಿರಲಿಲ್ಲ, ಲೆಕ್ಕಕ್ಕೆ ಆಧಾರವಾದ ಅಂಕಿಗಳು ತಪ್ಪಾಗಿದ್ದವು. ಸರ್ಕಾರ ಕಸಿದುಕೊಳ್ಳುವುದೆಂಬ ಭಯದಿಂದ ರೈತರು ತಮ್ಮ ದಾಸ್ತಾನನ್ನು ಕಡಮೆ ಹೇಳಿದ್ದರು. ವಸಂತದಲ್ಲಿ ಅಡಗಿದ್ದ ಗಡ್ಡೆ ಹೊರಬಂದಾಗ ಅದನ್ನು ತಿನ್ನಲು ಹಂದಿಗಳಿರಲಿಲ್ಲ, ಎಷ್ಟೋ ಕೊಳೆತುಹೋಯಿತು. ಒಮ್ಮೆಗೇ ಬಂದ ಮಾಂಸ ಮುಗಿದಮೇಲೆ ಕೊಬ್ಬು ದುರ್ಲಭವಾಯಿತು. ಹೊಲಕ್ಕೆ ಗೊಬ್ಬರವೂ ತಪ್ಪಿತು.

1916ರ ಮಳೆಯಲ್ಲಿ ಅಂಗಮಾರಿ ಎದ್ದು ಬೆಳೆ ಅರ್ಧಕ್ಕಿಳಿಯಿತು. ನಮ್ಮ ಮಲೆನಾಡಿನವರು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೇ ಇದಕ್ಕೂ ಮದ್ದು. ಅದಕ್ಕೆ ಮೈಲುತುತ್ತ ಬೇಕು, ಮೈಲುತುತ್ತಕ್ಕೆ ತಾಮ್ರ ಬೇಕು. ತಾಮ್ರವೋ ಯುದ್ಧದ ಪಾಲಾಗುತ್ತಿತ್ತು. ಆ ಚಳಿಗಾಲದಲ್ಲಿ ಪಟ್ಟಣದ ಜನ ದನಗಳಿಗೆ ಹಾಕುವ ಒಂದು ಬಗೆಯ ಟರ್ನಿಪ್ ಗಡ್ಡೆಯನ್ನು ತಿಂದು ದಿನ ನೂಕಿದರು. ಚರಿತ್ರೆಯಲ್ಲಿ ಅದಕ್ಕೆ ಟರ್ನಿಪ್ ಚಳಿಗಾಲವೆಂದೇ ಹೆಸರು. ಪ್ರಾಣಿಯನ್ನು ಕೊಂದು ಅದರ ಪಾಲನ್ನು ಉಳಿಸಹೊರಟವರು ಕಡೆಗೆ ಪ್ರಾಣಿಯ ಮೇವನ್ನೇ ಉಣ್ಣಬೇಕಾಯಿತು.

ಆಮೇಲೂ ಪೋಲೆಂಡಿನಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಬೆಳೆಯ ದೊಡ್ಡ ಪಾಲು ಹಂದಿಗಳಿಗೇ ಸಲ್ಲುತ್ತಿತ್ತು. 1990ರ ಈಚೆಗೆ ಧಾನ್ಯದ ಮೇವು ಬಂದು ಆ ಪದ್ಧತಿ ಕುಗ್ಗಿತು. ಪಶ್ಚಿಮ ಯುರೋಪಿನ ದನಗಳಿಗೆ ಈಗ ಹೆಚ್ಚಾಗಿ ಸಿಗುವುದು ಕಾರ್ಖಾನೆಯಲ್ಲಿ ಉಳಿದ ಸಿಪ್ಪೆ, ಚೂರು.

ಪಶುವಿಗೆ ಹಾಕಿದ್ದೆಲ್ಲ ವ್ಯರ್ಥವೆಂದು ಎಣಿಸುವುದು ಪುಸ್ತಕದ ಬುದ್ಧಿ. ಸುಭಿಕ್ಷದಲ್ಲಿ ಹೆಚ್ಚಾದದ್ದನ್ನು ತಿಂದು, ದುರ್ಭಿಕ್ಷದಲ್ಲಿ ತನ್ನ ಪಾಲನ್ನು ಬಿಟ್ಟುಕೊಡುವ ಮೂಕಪ್ರಾಣಿ ಮನೆಯ ನಡೆದಾಡುವ ಕಣಜ. ಆ ಕಣಜಕ್ಕೂ ಮಿತಿಯುಂಟೆಂದು ಐರ್ಲೆಂಡ್ ತೋರಿಸಿತು. ಅದನ್ನು ಮೊದಲೇ ಒಡೆದು ಹಾಕಬಾರದೆಂದು ಜರ್ಮನಿ ತೋರಿಸಿತು. ಅಲ್ಲಿ ಲೆಕ್ಕ ಹಾಕಿದವರು ನನ್ನಂಥ ಮೇಷ್ಟರುಗಳೇ. ಅದಕ್ಕೇ ಅಂದು ಭಾವಮೈದುನನ ಅಂಗಳದಲ್ಲಿ ಮತ್ತೆ ಮಾತಾಡದೆ, ಬುಟ್ಟಿಯನ್ನೆತ್ತಿ ಹಸುವಿನ ಮುಂದಿಟ್ಟೆ.